ಗುಂಡಿ ಡಬ್ಬಿ, ಅಳತೆ ಟೇಪು ಮತ್ತು ನಮ್ಮ ಪುಟ್ಟಿಯ ‘ಯಾಕೆ’ಗಳು

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮುಂದಿನ ರೂಮಿನ ಕಿಟಕಿ ಪಕ್ಕ ಮೆಷಿನ್. ಸಂಜೆ ನಾಲ್ಕಕ್ಕೆ ಮಗಳು ಸ್ಕೂಲಿಂದ ಬಂದು, ಬ್ಯಾಗ್ ಬಿಸಾಕಿ, ಬಟ್ಟೆ ಗಂಟಿನ ಮೇಲೆ ಕೂತಳು ಅಂದರೆ ಶುರು. ‘ಅಮ್ಮ, ಇರುವೆ ಯಾಕೆ ಸಾಲಾಗೇ ಹೋಗುತ್ತೆ?’ ‘ಅಮ್ಮ, ಚಂದ್ರ ಯಾಕೆ ನಮ್ಮ ಬಸ್ ಹಿಂದೇನೇ ಬರ್ತಾನೆ?’ ‘ಅಮ್ಮ, ಕೆಳಗಿನ ದಾರ ಮೇಲೆ ಹೆಂಗೆ ಬರುತ್ತೆ?’ ಅವಳಿಗೆ ಆರು ವರ್ಷ, ಒಂದನೇ ಕ್ಲಾಸು. ನಾನು ಓದಿದ್ದು ಪಿಯುಸಿ, ಅದೂ ಕಾಮರ್ಸ್. ಇರುವೆ ಬಗ್ಗೆ ನನಗೇನು ಗೊತ್ತು?

ಮದುವೆ ಸೀಸನ್ನಿನಲ್ಲಿ ‘ಸುಮ್ನೆ ಕೂತ್ಕೋ, ನಾಳೆ ಬ್ಲೌಸ್ ಕೊಡಬೇಕು’ ಅಂತ ಗದರಿದ್ದೇ ಜಾಸ್ತಿ. ಆಮೇಲೆ ಮನಸ್ಸಿಗೆ ಚುರುಕ್ ಅಂತಿತ್ತು. ಅದಕ್ಕೆ ಫೋನ್ ಹಿಡಿದೆ. ಕೇಳಿದ್ದಕ್ಕೆಲ್ಲ ಹುಡುಕಿ ಓದಿ ಹೇಳಿದೆ. ಅವಳು ‘ಹೂಂ’ ಅಂದು ಎದ್ದು ಹೋಗುತ್ತಿದ್ದಳು. ಒಂದು ವಾರ ಕಳೆಯುವಷ್ಟರಲ್ಲಿ ಪ್ರಶ್ನೆ ಹೋಗಿ ‘ಅಮ್ಮ, ಫೋನ್ ಕೊಡು’ ಮಾತ್ರ ಉಳಿಯಿತು. ಆಗ ನನಗೆ ಅರ್ಥವಾಗಿದ್ದು ಇಷ್ಟು: ಅವಳಿಗೆ ಉತ್ತರಕ್ಕಿಂತ ಮೊದಲು ಬೇಕಾಗಿದ್ದು ನಾನು ಮೆಷಿನ್ ಬಿಟ್ಟು ಕೂರುವ ಐದು ನಿಮಿಷ. ಆ ಐದು ನಿಮಿಷದಲ್ಲಿ ಏನು ಮಾಡಬಹುದು ಅನ್ನುವುದನ್ನು ಒಂದು ವರ್ಷದಿಂದ ಎಡವಿ ಎಡವಿ ಕಲಿತಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಒಂದು ಡಬ್ಬಿ ಇಡಿ

ಕೇಳಿದ ತಕ್ಷಣ ಕೆಲಸ ಬಿಟ್ಟು ಏಳೋಕೆ ಯಾರಿಗೂ ಆಗಲ್ಲ. ಒಲೆ ಮೇಲೆ ಒಗ್ಗರಣೆ ಇರುತ್ತೆ, ಸೂಜಿ ಕೆಳಗೆ ತೋಳಿನ ಬಟ್ಟೆ ಇರುತ್ತೆ. ನನ್ನ ಹತ್ತಿರ ಜೋಡಿ ತಪ್ಪಿದ ಗುಂಡಿಗಳು ಬೇಕಾದಷ್ಟಿವೆ. ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಖಾಲಿ ಮಾಡಿ ಅವಳ ಕೈಗೆ ಕೊಟ್ಟೆ. ಮೆಷಿನ್ ಓಡುವಾಗ ಪ್ರಶ್ನೆ ಬಂದರೆ ಅವಳೇ ಒಂದು ಗುಂಡಿ ಆರಿಸಿ ಒಳಗೆ ಹಾಕಬೇಕು. ರಾತ್ರಿ ಊಟಕ್ಕೆ ಮೊದಲು ಬಾಟಲಿ ಬಗ್ಗಿಸಿ ಒಂದು ಗುಂಡಿ ತೆಗೆಯುವುದು. ಒಂದೇ ಒಂದು.

ಇದು ಇಷ್ಟು ಚೆನ್ನಾಗಿ ನಡೆಯುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಯಾವ ಗುಂಡಿ ಯಾವ ಪ್ರಶ್ನೆ ಅಂತ ಅವಳಿಗೆ ನೆನಪಿರುತ್ತೆ. ಹಸಿರು ಗುಂಡಿ ಇರುವೆದು, ಮುತ್ತಿನ ಥರದ್ದು ಚಂದ್ರಂದು. ಕೆಲವು ಅವಳಿಗೇ ಮರೆತುಹೋಗುತ್ತವೆ. ಮರೆತರೆ ಹೋಗಲಿ ಬಿಡಿ, ಅದು ಅಷ್ಟು ಮುಖ್ಯವಾಗಿರಲಿಲ್ಲ. ಮೂರು ವರ್ಷದ ಒಳಗಿನ ಮಗು ಇದ್ದರೆ ಗುಂಡಿ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ. ಬಟ್ಟೆ ಚೂರು ಸಾಕು.

ಆಮೇಲೆ ಪಂಥ ಕಟ್ಟಿ

ಉತ್ತರ ಗೊತ್ತಿದ್ದರೂ ಹೇಳಬೇಡಿ. ‘ನಿನಗೆ ಏನು ಅನ್ನಿಸುತ್ತೆ?’ ಅಂತ ಕೇಳಿ. ಬರೀ ಕೇಳಿದರೆ ಮಗು ‘ಗೊತ್ತಿಲ್ಲ’ ಅಂದು ಮುಗಿಸುತ್ತೆ. ಅದಕ್ಕೆ ನಾವು ಶೇಂಗಾ ಬೀಜದ ಪಂಥ ಕಟ್ಟುತ್ತೇವೆ. ತಲಾ ಐದು ಬೀಜ. ಅವಳದೊಂದು ಊಹೆ, ನನ್ನದೊಂದು, ಅವಳಪ್ಪ ಮನೆಯಲ್ಲಿದ್ದರೆ ಅವರದೊಂದು. ಗೆದ್ದವರು ಎಲ್ಲಾ ಬಾಚಿಕೊಂಡು ತಿನ್ನಬಹುದು. ನಾನು ಬೇಕಂತಲೇ ತಪ್ಪು ಹೇಳುವುದು ಕಮ್ಮಿ. ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತೆ, ಆಟ ಕೆಡುತ್ತೆ. ನಿಜವಾಗಿ ಸೋತಾಗಲೇ ಮಜಾ, ನಾನಂತೂ ಸೋಲುವುದು ಜಾಸ್ತಿ.

ಮೂರನೆಯದು, ಕೈಗೆ ಏನಾದರೂ ಸಿಗಬೇಕು. ಅಳೆಯೋಕೆ, ಉಜ್ಜೋಕೆ, ಎಣಿಸೋಕೆ. ದುಡ್ಡು ಕೊಟ್ಟು ತರುವ ಸಾಮಾನು ಬೇಡ. ಮನೆಯಲ್ಲಿರುವುದರಲ್ಲೇ ಹೇಗೆ ನಡೆಯುತ್ತೆ ಅಂತ ಎರಡು ಸಂಗತಿ ಪೂರ್ತಿ ಹೇಳುತ್ತೇನೆ.

ಹೂವಿನಜ್ಜಿಯ ಮೊಳ

ನಮ್ಮ ಬೀದಿಗೆ ಸಂಜೆ ಹೂವಿನಜ್ಜಿ ಬರುತ್ತಾರೆ. ಒಂದು ದಿನ ಎರಡು ಮೊಳ ಮಲ್ಲಿಗೆ ತಗೊಂಡೆ. ಒಳಗೆ ಬಂದು ತುಂಡು ಮಾಡೋಕೆ ಅಂತ ನನ್ನ ಕೈಯಲ್ಲಿ ಅಳೆದರೆ ಎರಡು ಮೊಳಕ್ಕೆ ಸ್ವಲ್ಪ ಕಮ್ಮಿ. ಪುಟ್ಟಿ ನೋಡುತ್ತಿದ್ದಳು. ‘ಅಮ್ಮ, ಅಜ್ಜಿ ಮೋಸ ಮಾಡಿದ್ರಾ?’

ನಾನು ‘ಛೆ, ಹಂಗೆಲ್ಲ ಅನ್ನಬಾರದು’ ಅಂತ ಬಾಯಿ ಮುಚ್ಚಿಸಬಹುದಿತ್ತು. ಅವತ್ತು ಕೈಗೆ ಟೇಪು ಸಿಕ್ಕಿತು. ‘ಬಾ, ಎಲ್ಲರ ಮೊಳ ಅಳೆಯೋಣ’ ಅಂದೆ. ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿವರೆಗೆ. ಟೇಬಲ್ ಮೇಲೆ ಕೈ ಮಡಚಿ ಇಟ್ಟು, ಅವಳೇ ಟೇಪು ಹಿಡಿದಳು. ನನ್ನ ಮೊಳ 16 ಇಂಚು. ಅವಳದು ಹನ್ನೊಂದೂವರೆ. ಅವಳಪ್ಪ ಬಂದ ಮೇಲೆ ಚಪ್ಪಲಿ ಬಿಡೋಕೂ ಬಿಡದೆ ಅಳೆದಳು, ಹದಿನೇಳೂವರೆ.

ಈಗ ಪಂಥ. ಹೂವಿನಜ್ಜಿ ಮೊಳ ಎಷ್ಟಿರಬಹುದು? ಅವಳು 10 ಅಂದಳು, ನಾನು 16 ಅಂದೆ. ಮಾರನೇ ದಿನ ಅಜ್ಜಿಯನ್ನು ಕಟ್ಟೆ ಮೇಲೆ ಕೂರಿಸಿ, ಕೇಳಿ, ಅಳೆದಿದ್ದಾಯಿತು. 15 ಇಂಚು. ಅಜ್ಜಿ ನನಗಿಂತ ಕುಳ್ಳು, ಅಷ್ಟೇ. ಮೋಸ ಇಲ್ಲ. ಎರಡು ಮೊಳಕ್ಕೆ ಎರಡು ಇಂಚು ವ್ಯತ್ಯಾಸ ಬಂದಿದ್ದು ಅಲ್ಲಿಂದ. ಲೆಕ್ಕ ಹಾಕಿದ್ದು ಅವಳೇ, ಬೆರಳು ಮಡಚಿ. ಹತ್ತಿರ ಹೇಳಿದ್ದು ನಾನು, ಹಾಗಾಗಿ ಶೇಂಗಾ ನನ್ನ ಪಾಲಿಗೆ ಬಂತು.

ಅಲ್ಲಿಂದ ಆಟ ಬೆಳೆಯುತ್ತಾ ಹೋಯಿತು. ಬೆರಳುಗಳನ್ನು ಅಗಲಿಸಿ ಹೆಬ್ಬೆರಳಿಂದ ಕಿರುಬೆರಳಿಗೆ ಅಳೆದರೆ ಗೇಣು. ಎರಡು ಗೇಣು ಸೇರಿದರೆ ಒಂದು ಮೊಳ, ಎರಡೂ ಕೈ ಚಾಚಿದರೆ ಒಂದು ಮಾರು, ನಾಲ್ಕು ಮೊಳಕ್ಕೆ ಒಂದು ಮಾರು ಅನ್ನುವುದು ಹಳಬರ ಲೆಕ್ಕ. ನಮ್ಮತ್ತೆ ಇದೆಲ್ಲ ಹೇಳಿಕೊಟ್ಟರು. ಪುಟ್ಟಿಯನ್ನು ನೆಲದ ಮೇಲೆ ಮಲಗಿಸಿ ತಲೆ, ಕಾಲು, ಎರಡೂ ಕೈ ತುದಿಗೆ ಟೈಲರ್ ಚಾಕಿನಲ್ಲಿ ಗೆರೆ ಎಳೆದೆ. ಎತ್ತರ 45 ಇಂಚು, ಮಾರು 44. ಅವಳಿಗೆ ನಂಬಿಕೆ ಬರಲಿಲ್ಲ. ಅಪ್ಪನನ್ನೂ ಮಲಗಿಸಿದಳು. ಅವರದೂ ಹೆಚ್ಚು ಕಮ್ಮಿ ಎತ್ತರದಷ್ಟೇ ಮಾರು. ನೀವೂ ನೋಡಿ, ಬಹಳಷ್ಟು ಜನಕ್ಕೆ ಹೀಗೇ ಬರುತ್ತೆ.

ಟೇಪಿನ ಒಂದು ಕಡೆ 60, ಇನ್ನೊಂದು ಕಡೆ 150 ಯಾಕೆ ಅನ್ನುವುದು ಮುಂದಿನ ಗುಂಡಿ. ಒಂದು ಇಂಚಿಗೆ ಎರಡೂವರೆ ಸೆಂಟಿಮೀಟರಿಗಿಂತ ಚೂರೇ ಜಾಸ್ತಿ, 2.54. ಅದನ್ನು ಅವಳಿಗೆ ಹೇಳಲಿಲ್ಲ. ಟೇಪನ್ನು ತಿರುಗಿಸಿ ತಿರುಗಿಸಿ ನೋಡಲಿ ಅಂತ ಬಿಟ್ಟೆ. ‘ದೊಡ್ಡ ಮನೆ ಆದ್ರೆ ಕಮ್ಮಿ ಮನೆ, ಸಣ್ಣ ಮನೆ ಆದ್ರೆ ಜಾಸ್ತಿ ಮನೆ’ ಅಂದಳು. ಇಂಚಿನ ಗೆರೆಗಳ ನಡುವಿನ ಜಾಗಕ್ಕೆ ಅವಳು ಇಟ್ಟ ಹೆಸರು ಮನೆ. ನನಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ.

ಇಲ್ಲಿ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಇಷ್ಟು ಚೆನ್ನಾಗಿ ಕಲಿತಳಲ್ಲ ಅಂತ ಖುಷಿಯಾಗಿ, ಪುಸ್ತಕ ತೆಗೆಸಿ ‘1 ಮೊಳ = 18 ಇಂಚು’ ಅಂತ ಹತ್ತು ಸಲ ಬರೆಸಿದೆ. ಲೆಕ್ಕದಲ್ಲಿ ಮೊಳ 18 ಇಂಚು ತಾನೇ. ‘ನಮ್ಮನೇಲಿ ಯಾರದೂ 18 ಇಲ್ವಲ್ಲ’ ಅಂದಳು. ‘ಸುಮ್ನೆ ಬರಿ’ ಅಂದೆ. ಎರಡು ದಿನ ಬಾಟಲಿಗೆ ಒಂದು ಗುಂಡಿಯೂ ಬೀಳಲಿಲ್ಲ. ಅವತ್ತಿಂದ ಆಟಕ್ಕೂ ಹೋಂವರ್ಕಿಗೂ ನಂಟು ಹಾಕುವುದನ್ನು ಬಿಟ್ಟೆ. ಅವಳು ಎದ್ದು ಹೋದರೆ ಆಟ ಮುಗಿಯಿತು, ನನಗೆ ಇನ್ನೂ ಹೇಳುವುದು ಬಾಕಿ ಇದ್ದರೂ ಸರಿ.

ಕೆಂಪಾದ ಬ್ಲೌಸ್

ಇದು ನನಗೆ ಬೆವರಿಳಿಸಿದ ಪ್ರಸಂಗ. ಒಬ್ಬರ ಕೆನೆ ಬಣ್ಣದ ಕಾಟನ್ ಬ್ಲೌಸ್, ಹುಕ್ಕು ಹಾಕುವುದೊಂದೇ ಬಾಕಿ. ಪುಟ್ಟಿ ಚಿತ್ರಾನ್ನ ತಿಂದ ಕೈಯಲ್ಲಿ ಮುಟ್ಟಿದಳು. ಹಳದಿ ಬೆರಳು ಮೂಡಿತು. ಗಾಬರಿಯಲ್ಲಿ ಬಟ್ಟೆ ಸೋಪು ಹಾಕಿ ಉಜ್ಜಿದೆ. ಹಳದಿ ಹೋಗಿ ಕೆಂಪಾಯಿತು! ಪುಟ್ಟಿ ಹೆದರಿ, ‘ಅಮ್ಮ, ಬ್ಲೌಸಿಗೆ ರಕ್ತ ಬಂತಾ?’ ಅಂದಳು. ಅವತ್ತು ಆಟ ಗೀಟ ಏನೂ ಇಲ್ಲ, ಒಂದು ಏಟು ಹಾಕಿಬಿಟ್ಟೆ. ಚೆನ್ನಾಗಿ ಜಾಲಿಸಿದ ಮೇಲೆ ಕೆಂಪು ಹೋಗಿ ಮತ್ತೆ ಮಾಸಲು ಹಳದಿ. ತಾರಸಿ ಮೇಲೆ ಬಿಸಿಲಿಗೆ ಹಾಕಿದೆ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗಿಬರಲ್ಲ. ಸಂಜೆ ಹೊತ್ತಿಗೆ ಕಲೆ ಹೆಚ್ಚು ಕಮ್ಮಿ ಮಾಯ.

ರಾತ್ರಿ ಅವಳು ಕೆಂಪು ಗುಂಡಿ ಹುಡುಕಿ ಬಾಟಲಿಗೆ ಹಾಕಿದ್ದು ನೋಡಿ ಹೊಟ್ಟೆ ಚುರ್ ಅಂತು. ಏಟು ತಿಂದರೂ ಪ್ರಶ್ನೆ ಬಿಟ್ಟಿಲ್ಲ.

ಭಾನುವಾರ ಹೀಗೆ ಮಾಡಿದೆವು. ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಶಿನ ಕಲಸಿ, ಹಳೇ ನೋಟ್ ಪುಸ್ತಕದ ಬಿಳಿ ಹಾಳೆಗೆ ಬಟ್ಟೆಯಲ್ಲಿ ಬಳಿದು ಒಣಗಿಸಿದೆವು. ಹಳದಿ ಹಾಳೆ ಸಿದ್ಧ. ಸಣ್ಣ ಸಣ್ಣ ಬಟ್ಟಲಲ್ಲಿ ಬಟ್ಟೆ ಸೋಪಿನ ನೀರು, ಅಡುಗೆ ಸೋಡಾ ನೀರು, ನಿಂಬೆ ರಸ, ಹುಣಸೆ ರಸ, ಮಜ್ಜಿಗೆ, ಉಪ್ಪು ನೀರು. ಒಂದೊಂದಕ್ಕೂ ಮೊದಲು ಪಂಥ, ಆಮೇಲೆ ಬೆರಳದ್ದಿ ಹಾಳೆ ಮೇಲೆ ಒಂದು ಬೊಟ್ಟು. ಸೋಪಿಗೆ ಕೆಂಪು. ಸೋಡಾಕ್ಕೆ ಕಿತ್ತಳೆ ಕೆಂಪು. ನಿಂಬೆ, ಹುಣಸೆ, ಮಜ್ಜಿಗೆ, ಉಪ್ಪಿಗೆ ಏನೂ ಇಲ್ಲ. ಆಮೇಲೆ ಸೋಪಿನ ನೀರಲ್ಲಿ ಅವಳೊಂದು ಮೀನು ಬರೆದಳು, ಕೆಂಪು ಮೀನು. ಅದರ ಮೇಲೆ ನಿಂಬೆ ರಸ ಒತ್ತಿದರೆ ಮೀನು ಮತ್ತೆ ಹಳದಿಯಾಗಿ ಮುಳುಗಿಹೋಯಿತು. ಅವಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಯಾಕೆ ಅಂತ ಎಷ್ಟು ಹೇಳಬೇಕು? ನಾನು ಹೇಳಿದ್ದು: ‘ಹುಳಿಗೆ ಅರಿಶಿನ ಹಳದಿಯಾಗೇ ಇರುತ್ತೆ, ಸೋಪು ಸೋಡಾದಂಥ ಕ್ಷಾರ ಸಿಕ್ಕರೆ ಕೆಂಪಾಗುತ್ತೆ.’ ಆರು ವರ್ಷಕ್ಕೆ ಅಷ್ಟು ಸಾಕು. ಉಳಿದಿದ್ದನ್ನು ನಮ್ಮತ್ತೆ ತುಂಬಿದರು. ಮದುಮಕ್ಕಳು ಬಂದಾಗ ಬಾಗಿಲಲ್ಲಿ ಕೆಂಪು ಆರತಿ ಎತ್ತುತ್ತೇವಲ್ಲ, ಆ ನೀರು ಅರಿಶಿನ, ಸುಣ್ಣದ್ದೇ. ಕುಂಕುಮವನ್ನು ಹಿಂದೆಲ್ಲ ಮಾಡುತ್ತಿದ್ದುದೂ ಅರಿಶಿನಕ್ಕೆ ಸುಣ್ಣ ಸೇರಿಸಿಯೇ. ನಾನು ಎಷ್ಟು ಆರತಿ ತಟ್ಟೆ ಹಿಡಿದಿಲ್ಲ! ಬ್ಲೌಸಿನ ಕಲೆಗೂ ಅದಕ್ಕೂ ಸಂಬಂಧ ಇದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಒಂದು ಮಾತು, ಈ ಆಟಕ್ಕೆ ಸುಣ್ಣ ಬಳಸಬೇಡಿ, ಕಣ್ಣಿಗೆ ಬಿದ್ದರೆ ಕಷ್ಟ. ಸೋಪೇ ಸಾಕು. ಹಾಗೇ ಹಳೇ ಬಟ್ಟೆ ಹಾಕಿಸಿ ಕೂರಿಸಿ.

ಚಿಕ್ಕ ಚಿಕ್ಕವು

ಇರುವೆಗೆ ಐದು ನಿಮಿಷವೂ ಬೇಡ. ಸಕ್ಕರೆ ಕಾಳು ಇಟ್ಟು, ಸಾಲು ಕಟ್ಟುವವರೆಗೆ ಕಾದು, ಸಾಲಿನ ನಡುವೆ ಒದ್ದೆ ಬೆರಳಲ್ಲಿ ಅಡ್ಡ ಒರೆಸಿ. ಬಂದ ಇರುವೆಗಳು ಅಲ್ಲೇ ತಬ್ಬಿಬ್ಬಾಗಿ ಸುತ್ತುತ್ತವೆ. ಅವು ಒಂದರ ಹಿಂದೆ ಒಂದು ಹೋಗುವುದು ವಾಸನೆ ಹಿಡಿದು, ನೀವು ಅದನ್ನೇ ಅಳಿಸಿದಿರಿ. ಕಟ್ಟಿರುವೆ ಆದರೆ ದೂರದಿಂದಲೇ ನೋಡಿ.

ಗುಡುಗಿಗೆ ಗೋಡೆ ಗಡಿಯಾರ. ಮಿಂಚು ಕಂಡ ಕ್ಷಣದಿಂದ ಟಿಕ್ ಟಿಕ್ ಎಣಿಸಿ. ಬೆಳಕು ಕಣ್ಣು ಮಿಟುಕಿಸುವುದರೊಳಗೆ ಬರುತ್ತೆ, ಸದ್ದಿಗೆ ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್ ಬೇಕು. ಒಂಬತ್ತು ಎಣಿಸಿದರೆ ಸಿಡಿಲು ಮೂರು ಕಿಲೋಮೀಟರ್ ಆಚೆ. ಗುಡುಗಿಗೆ ಹೆದರಿ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದವಳು ಈಗ ಲೆಕ್ಕ ತಪ್ಪುತ್ತೆ ಅಂತ ನನಗೇ ‘ಶ್’ ಅನ್ನುತ್ತಾಳೆ. ಎಣಿಸುವುದು ಮನೆಯೊಳಗೆ ಕೂತು, ತಾರಸಿ ಮೇಲಲ್ಲ.

ಚಂದ್ರನಿಗೆ ಬಸ್ಸೇ ಬೇಕು. ಹರಿಹರದಿಂದ ರಾತ್ರಿ ಬರುವಾಗ ‘ಯಾರು ಜೋರಾಗಿ ಓಡ್ತಾರೆ ನೋಡು’ ಅಂದೆ. ರಸ್ತೆ ಪಕ್ಕದ ಕಂಬ ಸರ್ರನೆ ಹಿಂದೆ ಹೋಯಿತು, ದೂರದ ದೀಪ ನಿಧಾನಕ್ಕೆ, ಚಂದ್ರ ಹೋಗಲೇ ಇಲ್ಲ. ‘ದೂರ ಇದ್ದಷ್ಟೂ ಸೋಮಾರಿ’ ಅಂದಳು. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ. ಅಷ್ಟು ದೊಡ್ಡ ಸೋಮಾರಿ.

ನೆರಳಿನ ಆಟ ಏಪ್ರಿಲ್ ಕೊನೆಗೆ ಇಟ್ಟುಕೊಳ್ಳಿ. ನಮ್ಮ ಕರ್ನಾಟಕದಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಬೆಂಗಳೂರಿಗೆ ಏಪ್ರಿಲ್ 24-25ರ ಹೊತ್ತಿಗೆ, ನಮ್ಮ ಕಡೆ ಅದಾದ ಕೆಲವು ದಿನಕ್ಕೆ. ದಾರದ ಖಾಲಿ ರೀಲನ್ನು ತಾರಸಿ ಮೇಲೆ ನಿಲ್ಲಿಸಿ, ನೆರಳಿನ ತುದಿಗೆ ಚಾಕಿನ ಗುರುತು ಹಾಕುತ್ತಾ ಬನ್ನಿ. 12 ಗಂಟೆಗಲ್ಲ, 12.20 ದಾಟುವಾಗ ನೆರಳು ರೀಲಿನ ಬುಡಕ್ಕೆ ಬಂದು ಕೂರುತ್ತೆ. ಕಾಲು ಸುಡುತ್ತೆ, ಚಪ್ಪಲಿ ಹಾಕಿಸಿ.

ದಾರದ ಪ್ರಶ್ನೆಗೆ ಮಾತ್ರ ನಾನೇ ರಾಣಿ. ಕರೆಂಟ್ ಆಫ್ ಮಾಡಿ, ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ, ಕೆಳಗಿನ ತಗಡು ಸರಿಸಿ, ಕೈಯಲ್ಲೇ ಚಕ್ರ ತಿರುಗಿಸಿದೆ, ನಿಧಾನಕ್ಕೆ. ಸೂಜಿ ಇಳಿದು ಏಳುವಾಗ ದಾರ ಒಂದು ಕುಣಿಕೆ ಆಗುತ್ತೆ. ಕೆಳಗಿನ ಕೊಕ್ಕೆ ಅದನ್ನು ಹಿಡಿದು ಬಾಬಿನ್ ಸುತ್ತ ಒಂದು ಸುತ್ತು ಹಾಕಿಸುತ್ತೆ. ಸೂಜಿ ಮೇಲೆದ್ದಾಗ ಬಿಳಿ ದಾರ ಕೆಂಪಿಗೆ ಸಿಕ್ಕಿಹಾಕಿಕೊಂಡಿರುತ್ತೆ. ಪುಟ್ಟಿ ಇದೆಲ್ಲ ಬಿಟ್ಟು ಇನ್ನೊಂದು ಕಂಡುಹಿಡಿದಳು. ‘ಕೈ ಸೂಜಿಗೆ ಕಣ್ಣು ಹಿಂದೆ ಇದೆ, ಮೆಷಿನ್ ಸೂಜಿಗೆ ಮೂತಿ ಹತ್ರ ಇದೆ!’ ಹನ್ನೆರಡು ವರ್ಷದಿಂದ ದಿನಾ ಅದಕ್ಕೆ ದಾರ ಪೋಣಿಸುತ್ತಿದ್ದೇನೆ. ಯಾಕೆ ಹಾಗೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆಟ ಮಾಡಬಾರದ ಪ್ರಶ್ನೆ

ಹೋದ ವರ್ಷ ನಮ್ಮಪ್ಪ ತೀರಿಕೊಂಡರು. ‘ತಾತ ಎಲ್ಲಿ ಹೋದ್ರು?’ ಅಂದಳು. ಗಂಟಲು ಕಟ್ಟಿತ್ತು, ‘ದೊಡ್ಡ ನಿದ್ದೆ ಮಾಡ್ತಿದ್ದಾರೆ’ ಅಂದುಬಿಟ್ಟೆ. ಅದಾಗಿ ಹತ್ತು ದಿನ ಅವಳು ರಾತ್ರಿ ಮಲಗೋಕೆ ಒಪ್ಪಲಿಲ್ಲ. ನನ್ನನ್ನೂ ಮಲಗೋಕೆ ಬಿಡಲಿಲ್ಲ, ಕಣ್ಣು ಮುಚ್ಚಿದರೆ ಎಬ್ಬಿಸುತ್ತಿದ್ದಳು. ಕೊನೆಗೆ ಕೂರಿಸಿಕೊಂಡು, ‘ತಾತ ಸತ್ತುಹೋದರು. ಅವರ ಮೈ ಕೆಲಸ ಮಾಡೋದು ನಿಂತುಹೋಯಿತು. ನಿದ್ದೆ ಬೇರೆ, ಇದು ಬೇರೆ. ವಾಪಸ್ ಬರಲ್ಲ. ನನಗೂ ಅಳು ಬರುತ್ತೆ’ ಅಂತ ನೇರವಾಗಿ ಹೇಳಿದೆ. ಅವತ್ತು ರಾತ್ರಿ ಮಲಗಿದಳು. ಇಂಥದಕ್ಕೆ ಗುಂಡಿ ಬೇಡ, ಪಂಥ ಬೇಡ. ಕೆಲಸ ಅಲ್ಲೇ ಬಿಟ್ಟು ಆಗಲೇ ಮಾತಾಡಿ.

ಇನ್ನೊಂದು ಥರದ ಪ್ರಶ್ನೆ ಇದೆ. ಯಾಕೆ, ಯಾಕೆ, ಯಾಕೆ ಅಂತ ಸರಪಳಿ. ಮೂರನೇ ‘ಯಾಕೆ’ಗೆ ನಾನು ‘ನೀನೇ ಹೇಳು’ ಅಂತೀನಿ. ಅವಳು ಏನಾದರೂ ಕತೆ ಕಟ್ಟಿದರೆ ಪ್ರಶ್ನೆ ನಿಜವಾದದ್ದು. ಸುಮ್ನೆ ಬಂದು ತೊಡೆ ಏರಿದರೆ ಅವಳಿಗೆ ಬೇಕಾಗಿದ್ದು ತೊಡೆ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅನ್ನಿ. ನಂಟರೊಬ್ಬರು ‘ತಾಯಿಯಾದವಳು ಮಗು ಮುಂದೆ ಹಂಗೆ ಒಪ್ಪಿಕೋಬಾರದು, ಬೆಲೆ ಇರಲ್ಲ’ ಅಂದರು. ನನಗಂತೂ ಬೆಲೆ ಕಮ್ಮಿಯಾದದ್ದು ಕಂಡಿಲ್ಲ. ‘ಅಮ್ಮಂಗೂ ಗೊತ್ತಿಲ್ಲ, ಬಾ ನೋಡೋಣ’ ಅಂತ ಅವಳೇ ಈಗ ನನ್ನ ಕೈ ಎಳೆಯುತ್ತಾಳೆ. ಫೋನ್ ನೋಡುವುದು ಕಡೆಗೆ. ಅದೂ ನಾವು ಅಂದುಕೊಂಡಿದ್ದು ಸರಿಯಾ ಅಂತ ತಾಳೆ ನೋಡೋಕೆ.

ಬೆಳಿಗ್ಗೆ ಎಂಟು ಗಂಟೆಗೆ, ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಇದ್ಯಾವುದೂ ನಡೆಯಲ್ಲ. ಪ್ರಯತ್ನವನ್ನೂ ಮಾಡಬೇಡಿ, ಜಡೆ ಹಾಕಿ ಕಳಿಸಿ.

ಮೊನ್ನೆ ಹೂವಿನಜ್ಜಿ ಬಂದಾಗ ಪುಟ್ಟಿ ಮುಂದೆ ಹೋಗಿ ನಿಂತು, ‘ಅಜ್ಜಿ, ನಿಮ್ಮ ಎರಡು ಮೊಳಕ್ಕೆ 30 ಇಂಚು, ನಮ್ಮಮ್ಮಂದಕ್ಕೆ 32’ ಅಂತ ಲೆಕ್ಕ ಒಪ್ಪಿಸಿದಳು. ನನಗೆ ನಾಚಿಕೆಯಾಯಿತು. ಅಜ್ಜಿ ನಕ್ಕು, ‘ಅದಕ್ಕೇ ಅಲ್ವೇನವ್ವಾ ಕೊಸರು ಕೊಡೋದು’ ಅಂದು ಮಾಲೆಯನ್ನು ಇನ್ನೊಂದಿಷ್ಟು ಎಳೆದು ಕತ್ತರಿಸಿ ಕೊಟ್ಟರು. ಪುಟ್ಟಿ ಒಳಗೆ ಓಡಿಬಂದು ಬಾಟಲಿ ತೆಗೆದಳು. ಬಿಳಿ ಗುಂಡಿ ಸಿಗಲಿಲ್ಲ ಅಂತ ಹುಕ್ಕೊಂದನ್ನೇ ಹಾಕಿದಳು.

‘ಅಮ್ಮ, ಒಂದು ಕೊಸರು ಅಂದ್ರೆ ಎಷ್ಟು ಇಂಚು?’